ಹ್ಯಾಲೊಜೆನ್ ಹೆಡ್‌ಲೈಟಿಗೆ ಝೆನಾನ್ ಬಲ್ಬ್: ಹಾಕುವ ಮುನ್ನ ನೋಡಬೇಕಾದ್ದು, ಹಾಕುವಾಗ ಮಾಡಬೇಕಾದ್ದು

ಹೆಡ್‌ಲೈಟ್ ಮಂಕಾಯಿತು ಅನ್ನಿಸಿದ ಕೂಡಲೇ ಎಲ್ಲರ ಕಣ್ಣು ಹೋಗುವುದು ಬಲ್ಬಿನ ಮೇಲೆ. 55 ವ್ಯಾಟಿನ ಎಚ್7 ಹ್ಯಾಲೊಜೆನ್ ಬಲ್ಬ್ ಸುಮಾರು 1500 ಲ್ಯುಮೆನ್ (ಬೆಳಕಿನ ಪ್ರಮಾಣದ ಅಳತೆ) ಬೆಳಕು ಕೊಟ್ಟರೆ 35 ವ್ಯಾಟಿನ ಡಿ2ಎಸ್ ಝೆನಾನ್ ಬಲ್ಬ್ 3200 ಲ್ಯುಮೆನ್ ಕೊಡುತ್ತದೆ. ಕರೆಂಟು ಕಡಿಮೆ, ಬೆಳಕು ಎರಡರಷ್ಟು. ಲೆಕ್ಕ ಇಷ್ಟೇ ಆಗಿದ್ದರೆ ಹಳೆ ಬಲ್ಬ್ ಕಿತ್ತು ಹೊಸದು ಸಿಕ್ಕಿಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಬಲ್ಬು ಬೆಳಕನ್ನು ಹುಟ್ಟಿಸುತ್ತದೆ, ಅಷ್ಟೆ. ಆ ಬೆಳಕು ರಸ್ತೆಯ ಯಾವ ಭಾಗಕ್ಕೆ ಎಷ್ಟು ಬೀಳಬೇಕು, ಎದುರು ಬರುವವನ ಕಣ್ಣಿಗೆ ಎಷ್ಟು ಬೀಳಬಾರದು ಎಂಬುದನ್ನು ತೀರ್ಮಾನಿಸುವುದು ಬಲ್ಬಿನ ಹಿಂದಿರುವ ರಿಫ್ಲೆಕ್ಟರ್ ಅಥವಾ ಮುಂದಿರುವ ಪ್ರೊಜೆಕ್ಟರ್ ಲೆನ್ಸು. ಅದನ್ನು ಮರೆತು ಹಾಕಿದ ಝೆನಾನ್ ಕಿಟ್ (ಬಲ್ಬು, ಅದಕ್ಕೆ ಕರೆಂಟು ಕೊಡುವ ಬ್ಯಾಲಾಸ್ಟ್, ವೈರುಗಳ ಸೆಟ್) ಎದುರಿನವರಿಗೆ ಕಣ್ಣು ಕುಕ್ಕುತ್ತದೆ. ನಿಮಗಂತೂ ಕಾರಿನ ಮೂತಿಯ ಮುಂದೆ ಹಾಲು ಚೆಲ್ಲಿದಂಥ ಬೆಳಕು ಸಿಗುತ್ತದೆಯೇ ಹೊರತು ದೂರದ ರಸ್ತೆ ಕಾಣುವುದಿಲ್ಲ.

ಮೊದಲು ಇರುವ ಹ್ಯಾಲೊಜೆನ್ ಅನ್ನೇ ಪರೀಕ್ಷಿಸಿ

ಝೆನಾನ್ ಬೇಕು ಎಂದು ಬರುವ ಕಾರುಗಳಲ್ಲಿ ಎಷ್ಟೋ ಕಾರುಗಳಿಗೆ ನಿಜವಾಗಿ ಬೇಕಾಗಿರುವುದು ವೈರಿಂಗ್ ರಿಪೇರಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮನಾಗಿ ಏರಿಳಿಯುವುದಿಲ್ಲ, ಸುಮಾರು 3.4ನೇ ಘಾತದಲ್ಲಿ ಏರಿಳಿಯುತ್ತದೆ. ಬಲ್ಬಿಗೆ 13.2 ವೋಲ್ಟ್ ಸಿಗಬೇಕಾದಲ್ಲಿ 12 ವೋಲ್ಟ್ ಸಿಕ್ಕರೆ ಬೆಳಕು ಕಾಲು ಭಾಗಕ್ಕೂ ಹೆಚ್ಚು ಇಳಿದುಹೋಗುತ್ತದೆ.

ಅಳೆಯುವುದು ಹೀಗೆ. ಎಂಜಿನ್ ಸ್ಟಾರ್ಟ್ ಮಾಡಿ, ಲೋ ಬೀಮ್ ಹಾಕಿ, ಮೊದಲು ಬ್ಯಾಟರಿಯ ಎರಡು ತುದಿಗಳಲ್ಲಿ ಮಲ್ಟಿಮೀಟರ್ ಇಡಿ. ಆಮೇಲೆ ಬಲ್ಬ್ ಉರಿಯುತ್ತಿರುವಾಗಲೇ, ಕನೆಕ್ಟರಿನ ಹಿಂಬದಿಯಿಂದ ಮೀಟರಿನ ಮೊನೆ ತೂರಿಸಿ ಬಲ್ಬಿನ ಪಿನ್ನುಗಳ ನಡುವೆ ಅಳೆಯಿರಿ. ಬಲ್ಬ್ ಕಳಚಿಟ್ಟು ಅಳೆದರೆ ಲೋಡ್ ಇಲ್ಲದ ಕಾರಣ ವೋಲ್ಟೇಜ್ ಪೂರ್ತಿ ತೋರಿಸುತ್ತದೆ, ತಪ್ಪು ಸಿಕ್ಕುವುದೇ ಇಲ್ಲ. ಎರಡು ಅಳತೆಗಳ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ತುಕ್ಕು ಹಿಡಿದ ಅರ್ಥ್ ಪಾಯಿಂಟ್, ಸುಟ್ಟ ಸ್ವಿಚ್ ಅಥವಾ ತೆಳು ವೈರ್ ಎಲ್ಲೋ ಇದೆ. ಅರ್ಥ್ ಪಾಯಿಂಟ್ ಉಜ್ಜಿ ರಿಲೇ ಹಾರ್ನೆಸ್ (ಬ್ಯಾಟರಿಯಿಂದ ನೇರ ಕರೆಂಟು ತರುವ, ರಿಲೇ ಎಂಬ ವಿದ್ಯುತ್ ಸ್ವಿಚ್ ಇರುವ ವೈರುಗಳ ಕಟ್ಟು) ಹಾಕಿದರೆ ಅದೇ ಬಲ್ಬ್ ಬೇರೆಯೇ ಬಲ್ಬಿನಂತೆ ಉರಿಯುತ್ತದೆ.

ಹೊರಗಿನ ಪ್ಲಾಸ್ಟಿಕ್ ಲೆನ್ಸ್ ಹಳದಿಗಟ್ಟಿದ್ದರೆ 1000, 2000, 3000 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕುತ್ತಾ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಯುವಿ ತಡೆಯುವ ಕೋಟಿಂಗ್ ಹಚ್ಚಿ. ಕೋಟಿಂಗ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ರಿಫ್ಲೆಕ್ಟರಿನ ಕನ್ನಡಿಯಂಥ ಲೇಪ ಕಪ್ಪಾಗಿ ಎದ್ದು ಬಂದಿದ್ದರೆ ಯಾವ ಬಲ್ಬ್ ಹಾಕಿದರೂ ಪ್ರಯೋಜನವಿಲ್ಲ, ಲ್ಯಾಂಪನ್ನೇ ಬದಲಿಸಬೇಕು.

ರಿಫ್ಲೆಕ್ಟರಿಗೆ ಝೆನಾನ್ ಯಾಕೆ ಒಗ್ಗುವುದಿಲ್ಲ

ಹ್ಯಾಲೊಜೆನ್ ಬಲ್ಬಿನೊಳಗೆ ನಾಲ್ಕು ಮಿಲಿಮೀಟರಿನಷ್ಟು ಉದ್ದದ, ನೇರವಾದ ಟಂಗ್‌ಸ್ಟನ್ ಸುರುಳಿ ಇರುತ್ತದೆ. ರಿಫ್ಲೆಕ್ಟರಿನ ಒಂದೊಂದು ಮಡಿಕೆಯೂ ಆ ಸುರುಳಿ ಇಂಥದೇ ಜಾಗದಲ್ಲಿ, ಇದೇ ಆಕಾರದಲ್ಲಿ ಇರುತ್ತದೆಂದು ಲೆಕ್ಕ ಹಾಕಿ ಮಾಡಿದ್ದು. ಝೆನಾನ್ ಬಲ್ಬಿನಲ್ಲಿ ಸುರುಳಿಯೇ ಇಲ್ಲ. ಎರಡು ಎಲೆಕ್ಟ್ರೋಡುಗಳ ನಡುವೆ ವಿದ್ಯುತ್ ಕಿಡಿ ನಿರಂತರವಾಗಿ ಉರಿಯುತ್ತದೆ. ಆ ಕಿಡಿ ಬಿಲ್ಲಿನಂತೆ ಮೇಲಕ್ಕೆ ಬಾಗುತ್ತದೆ, ಎಲೆಕ್ಟ್ರೋಡಿನ ತುದಿಗಳಲ್ಲಿ ಹೆಚ್ಚು ಪ್ರಖರವಾಗಿರುತ್ತದೆ, ಸುತ್ತ ಒಂದು ಪ್ರಭೆಯೂ ಇರುತ್ತದೆ. ಬೆಳಕಿನ ಮೂಲದ ಆಕಾರ ಬದಲಾದ ಮೇಲೆ ರಿಫ್ಲೆಕ್ಟರ್ ಅದನ್ನು ಎಲ್ಲೆಲ್ಲಿಗೋ ಎಸೆಯುತ್ತದೆ.

ಎಚ್4 ಬಲ್ಬಿನಲ್ಲಿ ಈ ತೊಂದರೆ ಇನ್ನೂ ಜೋರು. ಅದರಲ್ಲಿ ಎರಡು ಸುರುಳಿಗಳಿವೆ, ಲೋ ಬೀಮಿನ ಸುರುಳಿಯ ಕೆಳಗೆ ಲೋಹದ ಪುಟ್ಟ ದೋಣಿಯಂಥ ತಟ್ಟೆ ಇದೆ. ರಿಫ್ಲೆಕ್ಟರಿನ ಕೆಳ ಅರ್ಧಕ್ಕೆ ಬೆಳಕು ಹೋಗದಂತೆ ತಡೆದು, ಬೀಮಿನ ಮೇಲಂಚನ್ನು ಕತ್ತರಿಸಿದಂತೆ ಮಾಡುವುದು ಆ ತಟ್ಟೆ. ಅಗ್ಗದ ಎಚ್4 ಝೆನಾನ್ ಬಲ್ಬುಗಳಲ್ಲಿ ಆ ತಟ್ಟೆ ಇರುವುದಿಲ್ಲ, ಇದ್ದರೂ ಸರಿಯಾದ ಜಾಗದಲ್ಲಿರುವುದಿಲ್ಲ. ಲೋ ಬೀಮ್ ಹಾಕಿದಾಗಲೂ ರಿಫ್ಲೆಕ್ಟರ್ ಪೂರ್ತಿ ಬೆಳಗುತ್ತದೆ. ಹೆಡ್‌ಲೈಟನ್ನು ಸ್ಕ್ರೂ ತಿರುಗಿಸಿ ಕೆಳಗೆ ಬಾಗಿಸಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಹೋಗುವುದಿಲ್ಲ. ಇಡೀ ಬೀಮ್ ಕೆಳಗಿಳಿದು ನಿಮಗೆ ಕಾಣುವ ದೂರ ಕಡಿಮೆಯಾಗುತ್ತದೆ, ಅಡ್ಡಾದಿಡ್ಡಿ ಚೆದುರಿದ ಬೆಳಕು ಮಾತ್ರ ಎದುರಿನವರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಕಾರಿನ ಹತ್ತಿರದ ನೆಲ ಅತಿಯಾಗಿ ಬೆಳಗಿದರೆ ಇನ್ನೊಂದು ಮೋಸವಿದೆ: ಕಣ್ಣಿನ ಪಾಪೆ ಕುಗ್ಗಿ, ದೂರದ ಕತ್ತಲಲ್ಲಿರುವುದು ಮೊದಲಿಗಿಂತ ಕಡಿಮೆ ಕಾಣುತ್ತದೆ, ಆದರೂ ಬೆಳಕು ಹೆಚ್ಚಿದೆ ಎಂಬ ಭಾವನೆ ಉಳಿಯುತ್ತದೆ.

ಕಾರ್ಖಾನೆಯಿಂದಲೇ ಝೆನಾನ್ ಇರುವ ರಿಫ್ಲೆಕ್ಟರ್ ಲ್ಯಾಂಪುಗಳೂ ಇವೆಯಲ್ಲ ಎಂದು ಕೇಳಬಹುದು. ಇವೆ. ಅವುಗಳಿಗೆ ಡಿ2ಆರ್ ಎಂಬ ಬೇರೆ ಬಲ್ಬ್, ಅದರ ಗಾಜಿನ ಮೇಲೆ ಬೆಳಕು ತಡೆಯುವ ಕಪ್ಪು ಪಟ್ಟಿಗಳು, ಅದಕ್ಕೆಂದೇ ರೂಪಿಸಿದ ರಿಫ್ಲೆಕ್ಟರ್.

ನಿಮ್ಮ ಲ್ಯಾಂಪ್ ಯಾವ ಜಾತಿಯದೆಂದು ಲೆನ್ಸಿನ ಮೇಲೆಯೇ ಬರೆದಿರುತ್ತದೆ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ ಇರುವ ಮುದ್ರೆಯ ಹತ್ತಿರ ಎಚ್‌ಸಿ, ಎಚ್‌ಆರ್ ಅಥವಾ ಎಚ್‌ಸಿಆರ್ ಎಂದಿದ್ದರೆ ಅದು ಹ್ಯಾಲೊಜೆನ್ ಲ್ಯಾಂಪ್. ಡಿಸಿ, ಡಿಆರ್ ಅಥವಾ ಡಿಸಿಆರ್ ಎಂದಿದ್ದರೆ ಝೆನಾನಿನದು. ಸಿ ಅಂದರೆ ಲೋ ಬೀಮ್, ಆರ್ ಅಂದರೆ ಹೈ ಬೀಮ್.

ಕಾನೂನಿನ ಮಾತು

ವಿಶ್ವಸಂಸ್ಥೆಯ ವಾಹನ ನಿಯಮಗಳನ್ನು ಪಾಲಿಸುವ ದೇಶಗಳಲ್ಲಿ ಹ್ಯಾಲೊಜೆನ್ ಲ್ಯಾಂಪಿಗೆ ಅದರ ಅನುಮೋದನೆಯಲ್ಲಿ ಹೆಸರಿಸಿದ ಬಲ್ಬನ್ನೇ ಹಾಕಬೇಕು. ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 108 ನಿಯಮದಡಿಯೂ ಹ್ಯಾಲೊಜೆನ್ ಸಾಕೆಟ್ಟಿಗೆ ಎಚ್‌ಐಡಿ (ಅಂದರೆ ಝೆನಾನ್) ಬಲ್ಬ್ ಸಿಕ್ಕಿಸುವ ಕಿಟ್ ಸಮ್ಮತವಲ್ಲ. ಇದಲ್ಲದೆ ವಿಶ್ವಸಂಸ್ಥೆಯ 48ನೇ ನಿಯಮದ ಪ್ರಕಾರ, 2000 ಲ್ಯುಮೆನ್ ಮೀರಿದ ಬೆಳಕಿನ ಮೂಲವನ್ನು ಲೋ ಬೀಮಿಗೆ ಬಳಸಿದರೆ ಲೆನ್ಸ್ ತೊಳೆಯುವ ವಾಷರ್ ಮತ್ತು ಲೋಡಿಗೆ ತಕ್ಕಂತೆ ತಾನೇ ಏರಿಳಿಯುವ ಲೆವೆಲಿಂಗ್ ಎರಡೂ ಬೇಕೆಂಬ ನಿಬಂಧನೆ ಬಂತು. 25 ವ್ಯಾಟಿನ ಡಿ5ಎಸ್, ಡಿ8ಎಸ್ ಬಲ್ಬುಗಳನ್ನು ಸರಿಯಾಗಿ 2000 ಲ್ಯುಮೆನ್ನಿಗೇ ನಿಲ್ಲಿಸಿರುವುದರ ಗುಟ್ಟು ಇದು. ನಿಮ್ಮಲ್ಲಿ ಏನು ನಿಯಮ ಎಂಬುದನ್ನು ಕಿಟ್ ಕೊಳ್ಳುವ ಮುಂಚೆಯೇ ವಿಚಾರಿಸಿ. ಫಿಟ್‌ನೆಸ್ ಪರೀಕ್ಷೆಯಲ್ಲಿ ಕಾರು ಬಿದ್ದರೆ ಅಥವಾ ಅಪಘಾತವಾದಾಗ ವಿಮೆಯವರು ತಕರಾರು ತೆಗೆದರೆ ಕಿಟ್ ಮಾರಿದವರು ಜೊತೆಗೆ ಬರುವುದಿಲ್ಲ.

ಹಾಗಾದರೆ ದಾರಿ ಯಾವುದು

ಅತ್ಯಂತ ಅಚ್ಚುಕಟ್ಟಾದದ್ದು: ನಿಮ್ಮ ಕಾರಿನ ಅದೇ ಮಾಡೆಲಿನ ಮೇಲ್ದರ್ಜೆಯ ಆವೃತ್ತಿಗೆ ಕಾರ್ಖಾನೆ ಝೆನಾನ್ ಲ್ಯಾಂಪ್ ಬಂದಿದ್ದರೆ ಆ ಲ್ಯಾಂಪನ್ನು ಲೆವೆಲಿಂಗ್ ಸೆನ್ಸರುಗಳ ಸಮೇತ ತಂದು ಕೂರಿಸುವುದು. ಎರಡನೆಯದು, ಡಿ2ಎಸ್ ಬಲ್ಬಿಗೆಂದೇ ಮಾಡಿದ ಬೈ-ಝೆನಾನ್ ಪ್ರೊಜೆಕ್ಟರನ್ನು ನಿಮ್ಮ ಲ್ಯಾಂಪಿನೊಳಗೆ ಅಳವಡಿಸುವುದು. ಇದಕ್ಕೆ ಲ್ಯಾಂಪ್ ಬಿಚ್ಚಬೇಕು. ಬ್ಯುಟೈಲ್ ಅಂಟಿನಿಂದ ಮುಚ್ಚಿದ ಲ್ಯಾಂಪುಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಓವನ್ನಿನಲ್ಲಿ ಕೆಲವು ನಿಮಿಷ ಇಟ್ಟರೆ ಮೆತ್ತಗಾಗಿ ಬಿಚ್ಚಿಕೊಳ್ಳುತ್ತವೆ. ಗಟ್ಟಿಯಾಗುವ ಅಂಟು ಹಾಕಿದವು ಬಿಚ್ಚುವುದಿಲ್ಲ, ಒಡೆಯುತ್ತವೆ. ಬೈ-ಝೆನಾನ್ ಪ್ರೊಜೆಕ್ಟರಿನೊಳಗೆ ಸೊಲೆನಾಯ್ಡಿನಿಂದ (ಕರೆಂಟು ಹರಿದಾಗ ಎಳೆಯುವ ಕಾಂತ) ಆಡುವ ಒಂದು ತೆರೆ ಇರುತ್ತದೆ. ತೆರೆ ಎದ್ದಿದ್ದರೆ ಲೋ, ಬಿದ್ದರೆ ಹೈ. ಬಲ್ಬು ಎರಡಕ್ಕೂ ಒಂದೇ.

ಮೂರನೆಯದು, ಕಾರಿನಲ್ಲಿ ಈಗಾಗಲೇ ಇರುವ ಹ್ಯಾಲೊಜೆನ್ ಪ್ರೊಜೆಕ್ಟರಿಗೆ ಝೆನಾನ್ ಬಲ್ಬ್ ಹಾಕುವುದು. ತೆರೆ ಇರುವುದರಿಂದ ಬೀಮಿನ ಮೇಲಂಚು ಉಳಿಯುತ್ತದೆ. ಆದರೆ ಬೆಳಕಿನ ಹಂಚಿಕೆ ಕೆಡುತ್ತದೆ, ದೂರಕ್ಕೆ ಹೋಗಬೇಕಾದ ತೀಕ್ಷ್ಣ ಭಾಗ ಹರಡಿಹೋಗುತ್ತದೆ. ಅನುಮೋದನೆಯ ತೊಡಕೂ ಹಾಗೇ ಉಳಿಯುತ್ತದೆ. ಪ್ರೊಜೆಕ್ಟರ್ ಇಲ್ಲದ ಬಯಲು ರಿಫ್ಲೆಕ್ಟರಿಗೆ ಮಾತ್ರ ಖಂಡಿತ ಬೇಡ. ಪ್ರತ್ಯೇಕ ಹೈ ಬೀಮ್ ಬಲ್ಬ್ ಇರುವ ಕಾರುಗಳಲ್ಲಿ ಅಲ್ಲಿಗೂ ಬೇಡ: ಝೆನಾನ್ ಪೂರ್ತಿ ಬೆಳಗಲು ಹಲವು ಸೆಕೆಂಡು ತೆಗೆದುಕೊಳ್ಳುತ್ತದೆ, ಓವರ್‌ಟೇಕ್ ಮಾಡುವಾಗ ಮಿನುಗಿಸುವುದಕ್ಕೆ ಅದು ಬಾರದು.

ಸಾಮಾನು ಆರಿಸುವಾಗ

ಬಣ್ಣ: 4300 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸು. ಕಾರ್ಖಾನೆಯ ಝೆನಾನ್ ಬಣ್ಣ ಅದೇ. 6000ಕ್ಕೆ ಹೋದರೆ ನೀಲಿಗೆ ತಿರುಗುತ್ತದೆ, 8000ದಲ್ಲಿ ಪೂರ್ತಿ ನೀಲಿ, ಬೆಳಕು ಮಾತ್ರ ಕಡಿಮೆ. ಮಳೆಯಲ್ಲಿ ಒದ್ದೆ ಟಾರ್ ರಸ್ತೆಯ ಮೇಲೆ ನೀಲಿ ಬೆಳಕು ಬಿದ್ದದ್ದೇ ಗೊತ್ತಾಗುವುದಿಲ್ಲ.

ವ್ಯಾಟ್: 35 ಸಾಕು. 55 ವ್ಯಾಟಿನ ಕಿಟ್ಟುಗಳು ಬಲ್ಬಿನ ಆಯುಷ್ಯ ತಿನ್ನುತ್ತವೆ, ಬಿಸಿಗೆ ಪ್ರೊಜೆಕ್ಟರಿನ ಬೌಲ್ ಕಪ್ಪಾಗುತ್ತದೆ.

ಬಲ್ಬಿನ ಬುಡ ಲೋಹದ್ದಾಗಿರಲಿ, ಅಲುಗಾಡದಿರಲಿ. ಹೊರಗಾಜು ಯುವಿ ತಡೆಯುವಂಥದ್ದಾಗಿರಬೇಕು, ಇಲ್ಲದಿದ್ದರೆ ಲೆನ್ಸ್ ಒಳಗಿನಿಂದ ಹಳದಿಯಾಗುತ್ತದೆ. ಆ ಹಳದಿಯನ್ನು ಹೊರಗಿನಿಂದ ಉಜ್ಜಿ ತೆಗೆಯಲಾಗದು.

ಬ್ಯಾಲಾಸ್ಟ್: ಎರಡು, ಒಂದೇ ತಯಾರಿಕೆಯವು. ಹೊತ್ತಿಸುವ ಕ್ಷಣದಲ್ಲಿ ಬಲ್ಬಿಗೆ 20,000 ವೋಲ್ಟಿಗೂ ಮೀರಿದ ಪೆಟ್ಟು ಕೊಟ್ಟು, ಆಮೇಲೆ ಡಿ2 ಬಲ್ಬಾದರೆ ಸುಮಾರು 85 ವೋಲ್ಟಿಗೆ, ಪಾದರಸವಿಲ್ಲದ ಡಿ4 ಬಲ್ಬಾದರೆ ಸುಮಾರು 42 ವೋಲ್ಟಿಗೆ ಇಳಿಸುವುದು ಇದರ ಕೆಲಸ. ಹಾಗಾಗಿ ಡಿ2ರ ಬ್ಯಾಲಾಸ್ಟಿಗೆ ಡಿ4 ಬಲ್ಬ್ ಸಿಕ್ಕಿಸುವಂತಿಲ್ಲ.

ವೈರಿಂಗಿಗೆ: 12 ವೋಲ್ಟಿನ, 30 ಆಂಪಿಯರ್ ಸಾಮರ್ಥ್ಯದ ನಾಲ್ಕು ಪಿನ್ನಿನ ರಿಲೇ ಎರಡು, ನೀರು ನುಗ್ಗದ ಫ್ಯೂಸ್ ಹೋಲ್ಡರ್ ಎರಡು, 20 ಆಂಪಿಯರ್ ಫ್ಯೂಸ್ ಎರಡು (ಬದಲಿಗೆ ಇನ್ನೆರಡು), 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಉಂಗುರದ ಟರ್ಮಿನಲ್, ಹೀಟ್ ಶ್ರಿಂಕ್ ತೋಳು, ಕೇಬಲ್ ಟೈ. ಕಿಟ್ಟಿನಲ್ಲಿ ಸಾಮಾನ್ಯವಾಗಿ ಎರಡೂ ಕಡೆಗೆ ಸೇರಿ ಒಂದೇ ರಿಲೇ, ಒಂದೇ ಫ್ಯೂಸ್ ಇರುತ್ತದೆ. ಅದು ಕೆಟ್ಟರೆ ರಾತ್ರಿ ವೇಗದಲ್ಲಿರುವಾಗ ಎರಡು ಕಣ್ಣೂ ಒಟ್ಟಿಗೆ ಮುಚ್ಚುತ್ತವೆ. ಪ್ರತಿ ಕಡೆಗೂ ಬೇರೆ ರಿಲೇ, ಬೇರೆ ಫ್ಯೂಸ್ ಇಡಿ.

ಜೋಡಣೆ

1. ಬ್ಯಾಟರಿಯ ನೆಗೆಟಿವ್ ಕಳಚಿ. ಹಳೆ ಬಲ್ಬ್ ಉರಿದಿದ್ದರೆ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ.

2. ಲ್ಯಾಂಪಿನ ಹಿಂಬದಿಯ ಮುಚ್ಚಳ ತೆಗೆದು, ಕಿಟ್ಟಿನಲ್ಲಿರುವ ಗ್ರಾಮೆಟ್ಟಿನ, ಅಂದರೆ ವೈರ್ ತೂರುವ ರಬ್ಬರ್ ಬಳೆಯ ಅಳತೆಗೆ (ಹೆಚ್ಚಾಗಿ 25 ಮಿಲಿಮೀಟರ್) ರಂಧ್ರ ಕೊರೆಯಿರಿ. ಮುಚ್ಚಳವನ್ನು ಕಾರಿನಿಂದ ದೂರ ಒಯ್ದು ಕೊರೆಯಿರಿ. ಪ್ಲಾಸ್ಟಿಕ್ ಚೂರು ಲ್ಯಾಂಪಿನೊಳಗೆ ಬಿದ್ದರೆ ಅದನ್ನು ಹೊರತೆಗೆಯುವುದು ದೊಡ್ಡ ತಲೆನೋವು.

3. ಕೈಗವಸು ಹಾಕಿ ಬಲ್ಬ್ ಹಿಡಿಯಿರಿ. ಗಾಜಿಗೆ ಬೆರಳು ತಗುಲಿದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಣಗಿಸಿ. ಬೆರಳಿನ ಎಣ್ಣೆ ಇರುವ ಕಡೆ ಗಾಜು ಅಸಮವಾಗಿ ಕಾಯುತ್ತದೆ.

4. ಬಲ್ಬನ್ನು ಗುರುತಿನ ನಾಲಿಗೆಗೆ ಸರಿಯಾಗಿ ಕೂರಿಸಿ, ಸ್ಪ್ರಿಂಗ್ ಕ್ಲಿಪ್ ಹಾಕಿ. ಬಲ್ಬಿನ ಪಕ್ಕದಲ್ಲಿ ಪಿಂಗಾಣಿ ಕೊಳವೆಯೊಳಗೆ ಹಾದುಹೋಗುವ ವಾಪಸಾತಿ ವೈರ್ ಕೆಳಮುಖವಾಗಿರಬೇಕು. ಅದು ಮೇಲೋ ಪಕ್ಕಕ್ಕೋ ಬಂದರೆ ಬೀಮಿನ ನಡುವೆ ಕಪ್ಪು ಗೆರೆ ಬೀಳುತ್ತದೆ. ಕ್ಲಿಪ್ ಹಾಕಿದ ಮೇಲೆ ಮೆಲ್ಲಗೆ ಅಲ್ಲಾಡಿಸಿ ನೋಡಿ, ಕದಲಬಾರದು.

5. ಬ್ಯಾಲಾಸ್ಟಿಗೆ ಜಾಗ ಹುಡುಕಿ. ಎಕ್ಸಾಸ್ಟ್, ರೇಡಿಯೇಟರ್ ಫ್ಯಾನ್ ಹತ್ತಿರ ಬೇಡ, ನೀರು ನಿಲ್ಲುವ ತಗ್ಗಿನಲ್ಲೂ ಬೇಡ. ಬ್ರಾಕೆಟ್ ಹಾಕಿ ಬಾಡಿಯ ಲೋಹಕ್ಕೆ ಬಿಗಿಯಿರಿ, ಹೊರಕವಚಕ್ಕೆ ಅರ್ಥ್ ಸಿಗಲಿ. ಕನೆಕ್ಟರುಗಳು ಕೆಳಮುಖವಾಗಿದ್ದರೆ ನೀರು ಒಳಗೆ ಇಳಿಯುವುದಿಲ್ಲ. ಬರೀ ಡಬಲ್ ಟೇಪಿನ ಮೇಲೆ ಭರವಸೆ ಇಡಬೇಡಿ, ಬಾನೆಟ್ಟಿನ ಬಿಸಿಗೆ ಅದು ಬಿಟ್ಟುಕೊಳ್ಳುತ್ತದೆ. ಬ್ಯಾಲಾಸ್ಟಿನಿಂದ ಬಲ್ಬಿಗೆ ಹೋಗುವ ದಪ್ಪ ವೈರುಗಳನ್ನು ಕತ್ತರಿಸಬಾರದು, ಉದ್ದ ಮಾಡಬಾರದು, ಬಿಗಿಯಾಗಿ ಮಡಚಬಾರದು.

6. ರಿಲೇ ಜೋಡಿಸಿ. ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್. 87ರಿಂದ ಬ್ಯಾಲಾಸ್ಟಿನ ಪಾಸಿಟಿವ್‌ಗೆ. ಹಳೆ ಲೋ ಬೀಮ್ ಕನೆಕ್ಟರಿನ ಎರಡು ವೈರುಗಳು 85, 86ಕ್ಕೆ. ಬ್ಯಾಲಾಸ್ಟಿನ ನೆಗೆಟಿವ್ ಅನ್ನು ಬಣ್ಣ ಕೆರೆದ ಬಾಡಿ ಬೋಲ್ಟಿಗೆ, ಇನ್ನೂ ಒಳ್ಳೆಯದೆಂದರೆ ನೇರ ಬ್ಯಾಟರಿ ನೆಗೆಟಿವ್‌ಗೆ ಒಯ್ಯಿರಿ. 35 ವ್ಯಾಟ್ ಎಂದು ಬರೆದಿದ್ದರೂ ಹೊತ್ತಿಕೊಳ್ಳುವ ಮೊದಲ ಸೆಕೆಂಡುಗಳಲ್ಲಿ ಒಂದೊಂದು ಬ್ಯಾಲಾಸ್ಟ್ 10 ಆಂಪಿಯರಿಗೂ ಹೆಚ್ಚು ಎಳೆಯಬಹುದು, ಬೆಚ್ಚಗಾದ ಮೇಲೆ ಮೂರೂವರೆಗೆ ಇಳಿಯುತ್ತದೆ. ಕಾರಿನ ತೆಳು ವೈರಿಗೆ ನೇರ ಸಿಕ್ಕಿಸಿದವರಿಗೆ ಒಂದು ಕಡೆ ಹೊತ್ತಿ ಇನ್ನೊಂದು ಕಡೆ ಹೊತ್ತದಿರುವುದು ಇದರಿಂದಲೇ.

7. ಎಚ್4 ಕಾರಿಗೆ ಬೈ-ಝೆನಾನ್ ಪ್ರೊಜೆಕ್ಟರ್ ಹಾಕಿದ್ದರೆ ಎರಡು ವಿಷಯ ನೋಡಿ. ಕೆಲವು ಕಾರುಗಳಲ್ಲಿ ಕನೆಕ್ಟರಿನ ಸಾಮಾನ್ಯ ಪಿನ್ನಿನಲ್ಲಿ ಪಾಸಿಟಿವ್ ಸದಾ ಇದ್ದು, ಸ್ವಿಚ್ ಕತ್ತರಿಸುವುದು ನೆಗೆಟಿವ್ ಅನ್ನು. ಮೀಟರಿನಲ್ಲಿ ನೋಡದೆ ಬಣ್ಣ ನಂಬಿ ಜೋಡಿಸಬೇಡಿ. ಇನ್ನೊಂದು, ಹೈ ಹಾಕಿದಾಗ ಲೋ ಸಂಕೇತ ನಿಂತುಹೋಗುವ ಕಾರುಗಳಲ್ಲಿ ಬಲ್ಬೇ ಆರಿಬಿಡುತ್ತದೆ. ಲೋ ಅಥವಾ ಹೈ ಯಾವುದು ಬಂದರೂ ರಿಲೇ ಹಿಡಿದಿರುವಂತೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ಹಾರ್ನೆಸ್ ಬೇಕು.

8. ಗ್ರಾಮೆಟ್ ಒತ್ತಿ ಕೂರಿಸಿ, ಮುಚ್ಚಳ ಹಾಕಿ, ಎಲ್ಲ ಕನೆಕ್ಟರ್ ಸರಿಯಾಗಿ ಬಿದ್ದ ಮೇಲೆಯೇ ಬ್ಯಾಟರಿ ಜೋಡಿಸಿ. ಎಂಜಿನ್ ಸ್ಟಾರ್ಟ್ ಮಾಡಿ, ಆಮೇಲೆ ಲೈಟ್ ಹಾಕಿ. ಇದನ್ನೇ ರೂಢಿ ಮಾಡಿಕೊಳ್ಳಿ: ಲೈಟ್ ಹಾಕಿಟ್ಟು ಸೆಲ್ಫ್ ಹೊಡೆದರೆ ವೋಲ್ಟೇಜ್ ಕುಸಿದು ಬ್ಯಾಲಾಸ್ಟ್ ಆರಿ ಮತ್ತೆ ಹೊತ್ತುತ್ತದೆ, ಪ್ರತಿ ಸಲ ಹೊತ್ತುವಾಗಲೂ ಬಲ್ಬಿನ ಎಲೆಕ್ಟ್ರೋಡ್ ಸವೆಯುತ್ತದೆ. ಉರಿಯುತ್ತಿರುವಾಗ ಬಲ್ಬಿನ ಕಡೆಯ ವೈರನ್ನು ಮುಟ್ಟಬಾರದು, ಕಳಚಬಾರದು. ಅಲ್ಲಿರುವುದು ಪ್ರಾಣ ತೆಗೆಯಬಲ್ಲ ವೋಲ್ಟೇಜ್.

9. ಅರ್ಧ ಗಂಟೆ ಉರಿಸಿ. ಆರಿಸಿದ ಮೇಲೆ ಫ್ಯೂಸ್ ಹೋಲ್ಡರ್, ರಿಲೇ ಸಾಕೆಟ್, ಅರ್ಥ್ ಟರ್ಮಿನಲ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಅಲ್ಲಿ ಕ್ರಿಂಪ್ ಸಡಿಲವಿದೆ.

ಬೀಮ್ ಹೊಂದಿಸುವುದು

ಇದನ್ನು ಮಾಡದೆ ಕಾರನ್ನು ರಸ್ತೆಗಿಳಿಸಬಾರದು. ಸಮತಟ್ಟಾದ ನೆಲ, ಎದುರಿಗೆ ಗೋಡೆ. ಟಯರಿನ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಡಿಕ್ಕಿ ಖಾಲಿಯಿರಲಿ, ಲೆವೆಲಿಂಗ್ ಗುಂಡಿ ಸೊನ್ನೆಯಲ್ಲಿರಲಿ. ಮೊದಲು ಕಾರನ್ನು ಗೋಡೆಗೆ ತಾಗುವಷ್ಟು ಹತ್ತಿರ ತಂದು ಎರಡು ಲ್ಯಾಂಪುಗಳ ನಡುಬಿಂದುಗಳನ್ನು ಗೋಡೆಯ ಮೇಲೆ ಗುರುತಿಸಿ, ಅವುಗಳ ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಆಮೇಲೆ ಲ್ಯಾಂಪಿನಿಂದ ಗೋಡೆಗೆ ಸರಿಯಾಗಿ 10 ಮೀಟರ್ ಆಗುವಂತೆ ನೇರ ಹಿಂದಕ್ಕೆ ತೆಗೆಯಿರಿ.

ಲ್ಯಾಂಪಿನ ಮೇಲೋ ಬಾನೆಟ್ಟಿನ ಕೆಳಗಿನ ಪಟ್ಟಿಯಲ್ಲೋ 1.0% ಅಥವಾ 1.3% ಎಂಬಂತೆ ಬರೆದಿರುತ್ತದೆ. 1% ಅಂದರೆ 10 ಮೀಟರಿಗೆ 10 ಸೆಂಟಿಮೀಟರ್ ಇಳಿತ. ಅಡ್ಡಗೆರೆಯಿಂದ ಅಷ್ಟು ಕೆಳಗೆ ಇನ್ನೊಂದು ಗೆರೆ ಎಳೆದು, ಒಂದು ಲ್ಯಾಂಪನ್ನು ಬಟ್ಟೆಯಿಂದ ಮರೆಮಾಡಿ, ಇನ್ನೊಂದರ ಬೀಮಿನ ಸಮತಲ ಅಂಚು ಆ ಗೆರೆಗೆ ತಾಗುವಂತೆ ಸ್ಕ್ರೂ ತಿರುಗಿಸಿ. ಝೆನಾನ್ ಲ್ಯಾಂಪನ್ನು ದಪ್ಪ ಬಟ್ಟೆಯಿಂದ ಬಹಳ ಹೊತ್ತು ಮುಚ್ಚಿಡಬೇಡಿ, ಲೆನ್ಸ್ ಕಾಯುತ್ತದೆ. ಅಂಚು ಮೇಲೇರುವ ಮೊಣಕೈಯಂಥ ತಿರುವು ಆಯಾ ಲ್ಯಾಂಪಿನ ನಡುಬಿಂದುವಿನ ನೇರ ಕೆಳಗಿರಬೇಕು. ಎಡಗಡೆ ಸಂಚಾರವಿರುವ ರಸ್ತೆಗೆ ಅಂಚು ಎಡಕ್ಕೆ ಏರಬೇಕು, ಬಲಗಡೆ ಸಂಚಾರಕ್ಕೆ ಬಲಕ್ಕೆ. ತರಿಸಿದ ಪ್ರೊಜೆಕ್ಟರ್ ಯಾವ ಕಡೆಯದೆಂದು ಲ್ಯಾಂಪ್ ಮುಚ್ಚಿ ಅಂಟು ಹಾಕುವ ಮೊದಲೇ ನೋಡಿ. ಇದನ್ನು ಮರೆತು ಮತ್ತೆ ಓವನ್ನಿಗೆ ಇಡುವವರು ಬಹಳ ಜನ.

ಕೈಕೊಟ್ಟಾಗ

ಒಂದು ಕಡೆ ಹೊತ್ತುವುದೇ ಇಲ್ಲ: ಲೈಟ್ ಆರಿಸಿ, ಬ್ಯಾಟರಿ ಕಳಚಿ, ಎರಡು ಕಡೆಯ ಬಲ್ಬ್ ಅದಲುಬದಲು ಮಾಡಿ. ತೊಂದರೆ ಬಲ್ಬಿನ ಜೊತೆ ಹೋದರೆ ಬಲ್ಬ್ ಕೆಟ್ಟಿದೆ, ಅಲ್ಲೇ ಉಳಿದರೆ ಬ್ಯಾಲಾಸ್ಟ್ ಅಥವಾ ಅದಕ್ಕೆ ಬರುವ ಕರೆಂಟು.

ಹೊತ್ತಿ, ಮಿಣುಕಿ, ಆರಿಹೋಗುತ್ತದೆ: ಹೊತ್ತುವ ಕ್ಷಣದಲ್ಲಿ ಬ್ಯಾಲಾಸ್ಟಿನ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. 9-10 ವೋಲ್ಟಿಗೆ ಕುಸಿಯುತ್ತಿದ್ದರೆ ಅರ್ಥ್ ಅಥವಾ ಬ್ಯಾಟರಿ ನೋಡಿ.

ಡ್ಯಾಶ್‌ಬೋರ್ಡಿನಲ್ಲಿ ಬಲ್ಬ್ ಹೋಗಿದೆ ಎಂಬ ಸೂಚನೆ, ಇಲ್ಲವೇ ಬೆಳಕಿನ ನಿರಂತರ ನಡುಕ: ಕಾರಿನ ಕಂಪ್ಯೂಟರ್ ಬಲ್ಬಿನ ಕರೆಂಟನ್ನು ಅಳೆಯುತ್ತಿದೆ, ಅಥವಾ ತುಂಡುತುಂಡಾದ ಪಲ್ಸ್ ರೂಪದಲ್ಲಿ ಕರೆಂಟು ಕಳಿಸುತ್ತಿದೆ. ನಡುಕ ನಿಲ್ಲಲು ರಿಲೇಯ ಕಾಯಿಲಿಗೆ ಕೆಪಾಸಿಟರ್ ಇರುವ ಹಾರ್ನೆಸ್ ಬೇಕು, ಸೂಚನೆ ನಿಲ್ಲಲು ಲೋಡ್ ರೆಸಿಸ್ಟರ್. ಈ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ, ಲೋಹಕ್ಕೆ ಬಿಗಿಯಿರಿ, ಪ್ಲಾಸ್ಟಿಕ್ ಬಂಪರಿಗೆ ಬೇಡವೇ ಬೇಡ. ಲೋ ಬೀಮನ್ನೇ ಹಗಲುದೀಪವಾಗಿ ಕಡಿಮೆ ವೋಲ್ಟೇಜಿನಲ್ಲಿ ಉರಿಸುವ ಕಾರುಗಳಲ್ಲಿ ಆ ಸೌಲಭ್ಯವನ್ನು ಬಂದ್ ಮಾಡಬೇಕು. ಇಲ್ಲದಿದ್ದರೆ ಬ್ಯಾಲಾಸ್ಟ್ ದಿನವಿಡೀ ಹೊತ್ತಲು ಒದ್ದಾಡಿ ಸಾಯುತ್ತದೆ.

ರೇಡಿಯೊದಲ್ಲಿ ಗೊರಗೊರ: ಬ್ಯಾಲಾಸ್ಟಿನ ಕವಚಕ್ಕೆ ಅರ್ಥ್ ಇಲ್ಲ, ಅಥವಾ ಅದರ ವೈರ್ ಆಂಟೆನಾ ಕೇಬಲ್ಲಿನ ಪಕ್ಕದಲ್ಲೇ ಹೋಗಿದೆ.

ಲೆನ್ಸಿನೊಳಗೆ ಹಬೆ: ಗ್ರಾಮೆಟ್ ಸರಿಯಾಗಿ ಕೂತಿಲ್ಲ. ಲ್ಯಾಂಪಿನ ಉಸಿರಾಟದ ಕೊಳವೆಯನ್ನೂ ಸಿಲಿಕೋನ್ ಬಳಿದು ಮುಚ್ಚಿದ್ದರೂ ಹೀಗಾಗುತ್ತದೆ.

ಒಂದು ಬಲ್ಬಿನ ಬಣ್ಣ ಗುಲಾಬಿಗೆ ತಿರುಗಿ ಆಗಾಗ ಆರುತ್ತಿದ್ದರೆ ಅದರ ಆಯುಷ್ಯ ಮುಗಿದಿದೆ. ಕೆಟ್ಟದ್ದು ಒಂದಾದರೂ ಜೋಡಿಯಾಗಿಯೇ ಬದಲಿಸಿ. ವಯಸ್ಸಾದಂತೆ ಝೆನಾನ್ ಬಲ್ಬಿನ ಬಣ್ಣ ಬದಲಾಗುವುದರಿಂದ ಹೊಸದು, ಹಳೆಯದು ಎಂದೂ ಹೊಂದುವುದಿಲ್ಲ. ತೆಗೆದ ಡಿ1, ಡಿ2 ಬಲ್ಬುಗಳಲ್ಲಿ ಪಾದರಸವಿದೆ, ಮನೆಯ ಕಸಕ್ಕೆ ಹಾಕದೆ ಟ್ಯೂಬ್‌ಲೈಟುಗಳನ್ನು ವಾಪಸ್ ಪಡೆಯುವ ಕಡೆ ಕೊಡಿ. ಕೈಜಾರಿ ಒಡೆದರೆ ಕಿಟಕಿ ಬಾಗಿಲು ತೆರೆದು, ಗಾಳಿಯಾಡಿದ ಮೇಲೆ ಒದ್ದೆ ಕಾಗದದಲ್ಲಿ ಚೂರುಗಳನ್ನು ಎತ್ತಿ. ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ.